ಕತ್ತರಿಗೆ ಸಿಕ್ಕ ಹೆಸರುಗಳು

ನರಿನ್ ಪಟ್ಟಣದ ಚಹಾದಂಗಡಿಯಲ್ಲಿ ಯಾರಾದರೂ ಹೊಸ ಯಂತ್ರಗಳನ್ನು ಬೈಯತೊಡಗಿದರೆ ಸಾಕು, ಜುಮಾಕಾದಿರ್ ಬಟ್ಟಲು ಕೆಳಗಿಟ್ಟು ವಾದಕ್ಕಿಳಿಯುತ್ತಿದ್ದ. ಮೂವತ್ತೊಂದು ವರ್ಷ ರೇಡಿಯೋದಲ್ಲಿ ಧ್ವನಿಮುದ್ರಣ ಮಾಡಿದವನು.

"ಟೇಪು ನಮ್ಮ ಹಾಗೆ ಕಣ್ರೋ, ಮುದಿಯಾಗುತ್ತೆ, ಕೆಮ್ಮುತ್ತೆ. ಕಂಪ್ಯೂಟರಲ್ಲಿಟ್ಟಿದ್ದು ಹುಟ್ಟಿದ ದಿನ ಹೇಗಿತ್ತೋ ಹಾಗೇ ಇರುತ್ತೆ."

"ಹಾಗಾದ್ರೆ ನಿನ್ನನ್ನೂ ಅದರೊಳಗೆ ಇಟ್ಟುಬಿಡೋಣ ಬಿಡು!" ಎಂದು ಗೆಳೆಯರು ನಗುತ್ತಿದ್ದರು. ಅವನೂ ನಗುತ್ತಿದ್ದ. ಆಮೇಲೆ ಮನೆಗೆ ಹೋಗಿ, ಒಂದೇ ಬಟ್ಟಲಿಗೆ ಚಹಾ ಬಗ್ಗಿಸಿಕೊಂಡು ಕೂರುತ್ತಿದ್ದ.

ಹೆಂಡತಿ ಕುಲಿಪಾ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮೂರು ತಂತಿಯ ಕೋಮುಜ್ ನುಡಿಸುವುದರಲ್ಲಿ ಎತ್ತಿದ ಕೈ ಅವಳದು. ಮಕ್ಕಳಿಲ್ಲದ ಮನೆ. ತಾನು ಹೋದ ಮೇಲೆ ಅವಳ ಹೆಸರು ಹೇಳುವವರು ಯಾರು? ಹಾಗೆಂದುಕೊಂಡೇ ಅವಳ ಒಂದು ನುಡಿಸಾಣಿಕೆಯನ್ನು ಅವಳ ಹೆಸರಿನಲ್ಲಿ ಅಂತರ್ಜಾಲಕ್ಕೆ ಹಾಕಿಸಿದ್ದ. ಮೂರೇ ವಾರಕ್ಕೆ ಅದು ಮಾಯವಾಯಿತು.

ಮೊಬೈಲ್ ಅಂಗಡಿಯ ಚೋಲ್ಪೊನಾಯ್ ಪರದೆ ನೋಡಿ ಓದಿ ಹೇಳಿದಳು. "ಇದು ಬೇರೆಯವರ ಸಂಗೀತ ಅಂತ ತೆಗೆದುಹಾಕಿದ್ದಾರೆ ತಾತ. ಬಿಷ್ಕೆಕ್‌ನಲ್ಲಿ ನುರ್ತಿಲೆಕ್ ಅಂತ ಒಬ್ಬ ಹಾಡುಗಾರ. ಕುಣಿಯೋ ಹಾಡೊಂದಕ್ಕೆ ಇದನ್ನ ಸೇರಿಸ್ಕೊಂಡು ತನ್ನದು ಅಂತ ನೋಂದಾಯಿಸಿದ್ದಾನೆ."

"ಯಾರು ಕೇಳಿ ನೋಡಿ ತೀರ್ಮಾನ ಮಾಡಿದ್ರು?"

"ಮನುಷ್ಯರು ಯಾರೂ ಕೇಳಿಲ್ಲ. ಯಂತ್ರ ಎರಡನ್ನೂ ಹೋಲಿಸಿ ನೋಡುತ್ತೆ, ಅಷ್ಟೇ. ತಕರಾರು ಹಾಕೋಣ ಬನ್ನಿ. 'ಈ ಧಾಟಿ ನಿಮ್ಮ ಕಡೆಯವರ ಸ್ವಂತದ್ದೇ?' ಅಂತ ಕೇಳ್ತಿದೆ. ಹೌದು ಅಂತ ಒತ್ತಿ."

ಜುಮಾಕಾದಿರ್ ಕನ್ನಡಕ ಸರಿಮಾಡಿಕೊಂಡ. ಅಲ್ಲಿಯ ರೂಢಿ ಹಾಗೆ: ಕೋಮುಜ್ ಹಿಡಿದವರು ತಂತಿ ಮುಟ್ಟುವ ಮೊದಲು ಇದನ್ನು ಯಾರಿಂದ ಕಲಿತೆ ಎಂದು ಹೇಳಬೇಕು. ಕಲಿತದ್ದನ್ನು ನನ್ನದು ಎಂದವರ ಮುಖ ಯಾರೂ ನೋಡರು.

"ಹೇಗಮ್ಮ ಹೌದು ಅನ್ನಲಿ? ಅವಳಿಗೆ ಅವಳಮ್ಮ ಬುರ್ಮಾಖಾನ್ ಕಲಿಸಿದ್ದು. ಬುರ್ಮಾಖಾನ್‌ಗೆ ಕುರಿ ಕಾಯೋ ಸರ್ತ್‌ಬಾಯ್ ಕಲಿಸಿದ್ದು." ಎಂದವನೇ 'ಅಲ್ಲ' ಒತ್ತಿಬಿಟ್ಟ.

"ಅಯ್ಯೋ ತಾತ! ಕೈಯಾರೆ ಎತ್ತಿಕೊಟ್ಟುಬಿಟ್ರಲ್ಲ!"

ಉಳಿದದ್ದು ಆ ಹಾಡುಗಾರನನ್ನೇ ಕೇಳುವುದು. ಚೋಲ್ಪೊನಾಯ್ ಹೇಗೋ ನಂಬರು ಹುಡುಕಿ ಕೊಟ್ಟಳು.

"ಸತ್ತವಳ ಸಂಗೀತ ಕದಿಯೋಕೆ ನಾಚಿಕೆ ಆಗಲ್ವೇನೋ?" ಜುಮಾಕಾದಿರ್ ಶುರುವಿನಲ್ಲೇ ಗುಡುಗಿದ.

"ಕದ್ದಿಲ್ಲ ತಾತ, ಆಣೆಗೂ," ಎಂದ ನುರ್ತಿಲೆಕ್. "ರೇಡಿಯೋದ ಹಳೇ ಟೇಪುಗಳನ್ನೆಲ್ಲ ಈಗ ಅಂತರ್ಜಾಲಕ್ಕೆ ಹಾಕಿದ್ದಾರಲ್ಲ, ಅಲ್ಲಿಂದ ತಗೊಂಡೆ. ಜಾನಪದ, ನುಡಿಸಿದವರು ಗೊತ್ತಿಲ್ಲ ಅಂತ ಬರೆದಿತ್ತು. ಯಾರದೂ ಅಲ್ಲ ಅಂದ್ಕೊಂಡೆ."

"ಅವಳು ಮೊದಲೇ ಎಲ್ಲರ ಹೆಸರೂ ಹೇಳ್ತಾಳಲ್ಲಪ್ಪ!"

"ಮಾತೇ ಇಲ್ಲ ಅದರಲ್ಲಿ, ನೇರ ತಂತಿಯಿಂದಲೇ ಶುರು. ಟೇಪಿನ ಡಬ್ಬಿ ಮೇಲಿನ ಚೀಟಿಯ ಚಿತ್ರಾನೂ ಅಲ್ಲೇ ಇದೆ, ಕಳಿಸ್ತೀನಿ, ನೀವೇ ನೋಡಿ."

ಚೀಟಿಯ ಚಿತ್ರ ಬಂತು. ಬಲಕ್ಕೆ ವಾಲಿದ ನೀಲಿ ಅಕ್ಷರ. ಜುಮಾಕಾದಿರ್‌ನ ಅಕ್ಷರವೇ.

ಒಂದು ಧಾಟಿಗೆ ಮೂರು ನಿಮಿಷ, ಮಾತೆಲ್ಲ ದಂಡ ಎಂದು ಆಗಿನ ಅಧಿಕಾರಿ ಹೇಳುತ್ತಿದ್ದ. ಇವನು ಪ್ರತಿಯೊಬ್ಬರ ಮೊದಲ ಮಾತಿದ್ದಷ್ಟು ಟೇಪನ್ನು ಕತ್ತರಿಯಿಂದ ಕತ್ತರಿಸಿ ಮೇಜಿನ ಕೆಳಗಿನ ಬುಟ್ಟಿಗೆ ಹಾಕುತ್ತಿದ್ದ. ಹೆಂಡತಿಯನ್ನೇ ರೇಡಿಯೋದಲ್ಲಿ ಕೂರಿಸಿದ ಎಂದು ಜನ ಆಡಿಕೊಂಡಾರೆಂದು ಅವಳ ಡಬ್ಬಿಯ ಮೇಲೆ ಹೆಸರನ್ನೂ ಬರೆದಿರಲಿಲ್ಲ. ಪೂರ್ತಿ ಇದ್ದದ್ದು ಮನೆಗೆಂದು ಮಾಡಿಕೊಂಡ ಪ್ರತಿ ಮಾತ್ರ; ಈಗ ಅಂತರ್ಜಾಲಕ್ಕೆ ಹಾಕಿಸಿದ್ದು ಅದನ್ನೇ. ರೇಡಿಯೋದಲ್ಲಿ ಬಂದ ದಿನ ಕುಲಿಪಾ ಹಿಟ್ಟು ನಾದುತ್ತಾ ಕೇಳಿದ್ದಳು: "ನಮ್ಮಮ್ಮನ ಹೆಸರೆಲ್ಲಿ ಹೋಯ್ತು?" ಇವನು ಅಂದಿದ್ದ: "ಅದು ಮಾತು ಕಣೇ, ಸಂಗೀತ ಅಲ್ಲ." ಅವಳು ಮತ್ತೆ ಆ ವಿಷಯ ಎತ್ತಲಿಲ್ಲ. ಆಮೇಲೆ ರೇಡಿಯೋಗೂ ಬರಲಿಲ್ಲ.

"ತಾತ? ಇದ್ದೀರಾ?"

"ಅಕ್ಷರ ನಂದೇ ಮಗ."

"ಹಾಗಿದ್ರೆ ಟೇಪು ನೋಡ್ಕೊಳ್ಳೋರಿಗೆ ಬರೆದುಕೊಡಿ, ಚೀಟಿ ತಿದ್ದಲಿ. ನಾನು ನನ್ನದು ಅಂದಿದ್ದನ್ನ ವಾಪಸ್ ತಗೋತೀನಿ."

ಚೀಟಿ ತಪ್ಪು, ಮಾತು ಕತ್ತರಿಸಿದವನು ನಾನೇ ಎಂದು ಜುಮಾಕಾದಿರ್ ಬರೆದು ಸಹಿ ಹಾಕಿದ. ಹತ್ತು ದಿನಕ್ಕೆ ಕುಲಿಪಾಳ ನುಡಿಸಾಣಿಕೆ ಮೂವರ ಹೆಸರಿನೊಂದಿಗೆ ಮರಳಿ ಬಂತು. ಅದೇ ದಿನ ಟೇಪುಗಳನ್ನು ನೋಡಿಕೊಳ್ಳುವ ಹೆಂಗಸು ಫೋನು ಮಾಡಿದಳು.

"ಹೀಗೆ ಮಾಡಿದ್ದು ಇದೊಂದೇನಾ, ಇನ್ನೂ ಇವೆಯಾ?"

ಇದೊಂದೇ ಅಂದಿದ್ದರೆ ಮುಗಿಯುತ್ತಿತ್ತು.

"ಇನ್ನೂರರ ಮೇಲಿವೆ," ಎಂದ.

"ಹೆಸರು ನೆನಪಿದ್ದಷ್ಟು ಬರೆದು ಕಳಿಸಿ. ಬೇರೆ ಯಾರನ್ನ ಕೇಳೋಣ ಹೇಳಿ?"

ಮಧ್ಯಾಹ್ನದ ಬಿಸಿಲಿಗೆ ಕಿಟಕಿಯ ಬಳಿ ಹಾಳೆ ಹಾಸಿಕೊಂಡು ಕೂತ. ಮೊದಲ ಟೇಪು ಅಟ್‌ಬಾಷಿಯಿಂದ ಹಿಮದಲ್ಲಿ ಕುದುರೆ ಏರಿ ಬಂದಿದ್ದ ಮುದುಕನದು. ಧಾಟಿ ಪೂರ್ತಿ ನೆನಪಿತ್ತು. ಮೈಕನ್ನು ಎಷ್ಟು ದೂರ ಇಟ್ಟಿದ್ದೆ ಎನ್ನುವುದೂ ನೆನಪಿತ್ತು. ಹೆಸರು ಬರಲಿಲ್ಲ. ಮುದುಕ ಅದನ್ನು ಹೇಳಿದ್ದ, ಗುರುವಿನ ಹೆಸರನ್ನೂ ಹೇಳಿದ್ದ, ಇವನು ಎದುರಿಗೇ ಕೂತು ಕೇಳಿದ್ದ. ಎರಡು ಸಲ ಧಾಟಿಯನ್ನು ಬಾಯಲ್ಲೇ ಗುನುಗಿ ನೋಡಿದ. ಆಮೇಲೆ ಹೆಸರಿನ ಜಾಗ ಖಾಲಿ ಬಿಟ್ಟು, 'ಅಟ್‌ಬಾಷಿಯವರು, ಕೊನೆತನಕ ಟೋಪಿ ತೆಗೆಯಲಿಲ್ಲ' ಎಂದು ಬರೆದು, ಮುಂದಿನ ಸಾಲಿಗೆ ಹೋದ.