ನಡುವಿನ ತಿರುಪು

ಹಳೇ ವೈರಿಂಗ್ ಬಿಚ್ಚಿದ ಕೂಡಲೇ "ಯಾವನಮ್ಮ ಇದನ್ನ ಮಾಡಿದ್ದು?" ಅಂತ ಕೇಳೋದು ನಮ್ಮಂಥ ಎಲೆಕ್ಟ್ರಿಷಿಯನ್‌ಗಳ ಚಾಳಿ. ಶಿಡ್ಲಘಟ್ಟದ ಹತ್ತಿರ, ಮಹಡಿ ಮೇಲೆ ರೇಷ್ಮೆಹುಳ ಸಾಕುವ ಒಂದು ಮನೆಯಲ್ಲೂ ಕೇಳಿದೆ.

ಅಲ್ಲಿ ಮೆಟ್ಟಿಲಿನ ಬಲ್ಬಿಗೆ ಕೆಳಗೊಂದು, ಮೇಲೊಂದು ಸ್ವಿಚ್ಚು. ಕೆಳಗಿನದನ್ನು ಆರಿಸಿದರೆ ಮೇಲಿನದು ಸತ್ತಂತೆಯೇ. ಹಿಂದಿನ ದಿನ ಯಾರೋ ಕೆಳಗಿನದನ್ನು ಆರಿಸಿಬಿಟ್ಟಿದ್ದರಿಂದ, ಹುಳಕ್ಕೆ ಸೊಪ್ಪು ಹಾಕಿ ಇಳಿಯುತ್ತಿದ್ದ ಮನೆಯಾಕೆ ಲಕ್ಷ್ಮಮ್ಮ ಕತ್ತಲಲ್ಲಿ ಎರಡು ಮೆಟ್ಟಿಲು ಜಾರಿದ್ದರು.

ಕೆಟ್ಟಿರೋದು ಮೇಲಿನ ಸ್ವಿಚ್ಚೇ ಅಂದುಕೊಂಡು ಹತ್ತಲು ಹೋದೆ. ಲಕ್ಷ್ಮಮ್ಮ ಅಡ್ಡ ನಿಂತರು.

"ಹುಳ ಜ್ವರಕ್ಕೆ ಕೂತವೆ ಕಣಪ್ಪ. ಹೊರಗಿನೋರು ಮೇಲಕ್ಕೆ ಬರಂಗಿಲ್ಲ."

ಹುಳ ಪೊರೆ ಬಿಡೋ ಸಮಯಕ್ಕೆ ಇಲ್ಲಿ ಜ್ವರ ಅಂತಾರೆ. ಬೇರೆ ದಾರಿಯಿಲ್ಲದೆ ಮೇನ್ ಆಫ್ ಮಾಡಿ ಕೆಳಗಿನದನ್ನೇ ಬಿಚ್ಚಿದೆ. ಹೀಗೆ ಒಂದೇ ಬಲ್ಬಿಗೆ ಜೋಡಿಯಾಗಿ ಹಾಕುವ ಸ್ವಿಚ್ಚಿಗೆ ಮೂರು ತಿರುಪು. ಕರೆಂಟು ತರುವ ವೈರು ನಡುವಿನದಕ್ಕೆ ಹೋಗಬೇಕು, ಮೇಲಿನ ಸ್ವಿಚ್ಚಿಗೆ ಹೋಗುವ ಎರಡು ವೈರು ಆಚೀಚೆಯವಕ್ಕೆ. ಇಲ್ಲಿ ಕರೆಂಟಿನ ವೈರನ್ನೇ ಪಕ್ಕಕ್ಕೆ ಸಿಕ್ಕಿಸಿದ್ದರು. ಆಗಲೇ ನನ್ನ ಬಾಯಿಂದ ಆ ಪ್ರಶ್ನೆ ಬಂದಿದ್ದು. ಲಕ್ಷ್ಮಮ್ಮ ನನ್ನನ್ನೇ ಒಂದು ಸಲ ದಿಟ್ಟಿಸಿ, ಕಾಫಿಗೆ ನೀರಿಡಲು ಹೋದರು.

ವೈರು ಅದಲುಬದಲು ಮಾಡಿ ಮೇನ್ ಹಾಕಿದೆ. ಅವರು ಮೇಲೆ, ನಾನು ಕೆಳಗೆ, ಒಬ್ಬರಾದ ಮೇಲೊಬ್ಬರು ಒತ್ತಿದೆವು. ಪ್ರತಿ ಸಲವೂ ಬಲ್ಬು ಮಾತು ಕೇಳಿತು. "ಅಬ್ಬ, ಸದ್ಯ!" ಅಂತ ಅವರು ಮೇಲಿನ ಮೆಟ್ಟಿಲಲ್ಲೇ ಕೂತುಬಿಟ್ಟರು. ನನಗೂ ಉಸಿರು ಬಂತು.

ಕಾಫಿ ಕೊಡುವಾಗ ಮೆಲ್ಲಗೆ ಹೇಳಿದರು: "ಗೃಹಪ್ರವೇಶದ ಗಡಿಬಿಡೀಲಿ ನೀನೇ ಮಾಡಿಕೊಟ್ಟಿದ್ದಲ್ವೇನಪ್ಪ? ಆಗ ನಿಂಗೆ ತಲೆತುಂಬ ಕೂದಲಿತ್ತು."

ಆ ಪ್ರಶ್ನೆ ಈಗಲೂ ಕೇಳ್ತೀನಿ. ಆದರೆ ಮೊದಲು ಮನೆಯವರ ಮುಖ ಒಂದು ಸಲ ಸರಿಯಾಗಿ ನೋಡಿಕೊಳ್ತೀನಿ.