ಚುಚ್ಚುಮದ್ದಿನ ನಂತರದ ಅರ್ಧ ಗಂಟೆ

ಪೈವಳಿಕೆ ಕಡೆಯ ಒಂದು ಉಪಕೇಂದ್ರದಲ್ಲಿ ನಾನು ದಾದಿ. ಬಸುರಿ, ಬಾಣಂತಿಯರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಳೆದ ಮಳೆಗಾಲದ ಕೊನೆಗೆ, ಗರ್ಭನಿರೋಧದ ಬಗ್ಗೆ ಹೆಂಗಸರೊಡನೆ ಹೇಗೆ ಮಾತಾಡಬೇಕೆಂಬ ಮರುತರಬೇತಿಗೆ ನಮ್ಮನ್ನು ಕಾಸರಗೋಡಿಗೆ ಕರೆದರು. ಇಷ್ಟು ವರ್ಷ ಮಾತಾಡಿದ್ದೇವಲ್ಲ, ಇನ್ನೆಂತ ಕಲಿಯಲಿಕ್ಕುಂಟು ಎಂದು ಬಸ್ಸಿನಲ್ಲಿ ನಗಾಡಿಕೊಂಡೇ ಹೋದೆವು.

ಎರಡನೆಯ ದಿನ ಜೋಡಿ ಮಾಡಿ ಕೂರಿಸಿದರು. ಒಬ್ಬಳು ದಾದಿ, ಇನ್ನೊಬ್ಬಳು ಸಲಹೆಗೆ ಬಂದ ಹೆಂಗಸು. ನಾಯ್ಮಾರ್ಮೂಲೆ ಕಡೆಯಲ್ಲಿ ಕೆಲಸ ಮಾಡುವ ನನ್ನ ಗೆಳತಿ ದಾದಿಯ ಕುರ್ಚಿ ಹಿಡಿದಳು, ನಾನು ಸಲಹೆಗೆ ಬಂದವಳಾದೆ.

“ಮುಖ ಸ್ವಲ್ಪ ಬಾಡಿಸು ಮಾರಾಯ್ತಿ. ಮೂರು ಹೆತ್ತವಳ ಹಾಗೆ ಕಾಣ್ಬೇಕು.”

“ಒಂದು ಹೆತ್ತದ್ದಕ್ಕೇ ಬಾಡಿದ್ದುಂಟು, ಸಾಕು,” ಎಂದೆ. ಎಲ್ಲರೂ ನಕ್ಕರು.

ಆಮೇಲೆ ಅವಳು ಮಾತ್ರೆ, ಇಂಜೆಕ್ಷನ್, ಕಾಪರ್-ಟಿ ಎಲ್ಲವನ್ನೂ ಒಂದು ತಪ್ಪಿಲ್ಲದೆ ವಿವರಿಸಿದಳು. ನಾನು ತಲೆಯಾಡಿಸುತ್ತಿದ್ದೆ. ತರಬೇತಿ ಕೊಡುವವರು ನನ್ನನ್ನು ಕೇಳಿದರು: “ನಿಮಗೆ ಯಾವುದು ಬೇಕು ಅಂತ ಇವರಿಗೆ ಗೊತ್ತಾಯ್ತಾ?” ಇಲ್ಲ. ನನಗೆ ಬಾಯಿ ತೆರೆಯಲು ಎಡೆಯೇ ಸಿಕ್ಕಿರಲಿಲ್ಲ. ಮೊದಲು ಪ್ರಶ್ನೆ ಕೇಳಿ, ಕೇಳಿದ ಮೇಲೆ ಸುಮ್ಮನಿರಿ ಎಂದರು ಅವರು.

ಮುಂದಿನ ವಾರ ಲಸಿಕೆಯ ದಿನ ಒಬ್ಬಳು ಎಳೆಯ ತಾಯಿ ಹೆಣ್ಣುಮಗುವನ್ನು ತಂದಳು. ಜೊತೆಗೆ ಅತ್ತೆ. ಗಂಡ ದುಬೈಯಿಂದ ರಜೆಗೆ ಬರುವವನಿದ್ದ. ಮುಂದಿನ ಮಗುವಿಗೆ ಅಂತರ ಬೇಕಲ್ಲ ಎಂದು ನಾನು ಮಾತು ತೆಗೆದರೆ ಉತ್ತರ ಅತ್ತೆಯಿಂದ ಬಂತು.

“ಅದೆಲ್ಲ ಈಗ ಬೇಡ ಸಿಸ್ಟರ್. ಮಗನಿಗೆ ಒಂದೇ ತಿಂಗಳ ರಜೆ. ಅಷ್ಟರಲ್ಲಿ ಎಂತ ಆಗ್ಲಿಕ್ಕುಂಟು?”

ಸೊಸೆ ನೆಲ ನೋಡುತ್ತಿದ್ದಳು.

ಲಸಿಕೆ ಕೊಟ್ಟ ಮೇಲೆ ಮಗುವನ್ನು ಅರ್ಧ ಗಂಟೆ ಅಲ್ಲೇ ಇರಿಸಿಕೊಂಡು ನೋಡುವುದು ಕ್ರಮ. “ಅಮ್ಮ, ಮಗುವನ್ನು ನೀವು ಜಗಲಿಗೆ ಕರ್ಕೊಂಡು ಹೋಗಿ, ಅಲ್ಲಿ ಗಾಳಿ ಉಂಟು,” ಎಂದೆ. ಮೊಮ್ಮಗಳನ್ನು ಎತ್ತಿಕೊಳ್ಳಲು ಅವರಿಗೆ ಮತ್ತೆ ಹೇಳಬೇಕಾಗಲಿಲ್ಲ. ಬಾಗಿಲು ಓರೆ ಮಾಡಿದೆ.

“ನಿಂಗೆ ಎಂತ ಬೇಕು?” ಎಂದು ಕೇಳಿ ಸುಮ್ಮನಾದೆ. ಸುಮ್ಮನಿರುವುದು ಅಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ವಿವರಣೆಯೆಲ್ಲ ನಾಲಗೆಯ ತುದಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ. ಅವಳು ಶಾಲಿನ ಅಂಚನ್ನು ಮಡಚಿದಳು, ಬಿಡಿಸಿದಳು.

“ಈ ಮಗು ಹೋದ ಸಲದ ಹದಿನೈದು ದಿನದ ರಜೆಯದ್ದು, ಸಿಸ್ಟರ್.”

ಇಬ್ಬರಿಗೂ ನಗು ಬಂತು. ಆಮೇಲೆ ಅವಳು ಮೆಲ್ಲಗೆ ಹೇಳಿದಳು: “ನಂಗೆ ಬಿ.ಎಡ್.ಗೆ ಸೀಟು ಸಿಕ್ಕಿದೆ. ಅದು ಮುಗಿಯುವವರೆಗೆ ಇನ್ನೊಂದು ಬೇಡ. ಫೋನಲ್ಲಿ ಹೇಳಿದ್ದಕ್ಕೆ ಇವರು ಆಯ್ತು ಅಂದಿದ್ದಾರೆ. ಅತ್ತೆ ಹತ್ರ ಹೇಳ್ಲಿಕ್ಕೆ ಹೆದರಿಕೆ.”

ಆಗ ವಿವರಿಸಿದೆ, ಅವಳು ಕೇಳಿದಷ್ಟಕ್ಕೇ. ದಿನಾ ಮಾತ್ರೆ ನೆನಪಿಡುವುದು ತನ್ನಿಂದಾಗದು ಎಂದಳು. ಕಾಪರ್-ಟಿ ಎದೆಗೆ ಏರುತ್ತದಂತೆ, ಹೌದಾ ಎಂದಳು. ಗರ್ಭಕೋಶದ ಮಾದರಿಯನ್ನು ಅವಳ ಕೈಗೇ ಕೊಟ್ಟೆ. ಒಳಗೆ ಬೆರಳಾಡಿಸಿ ನೋಡಿದಳು.

“ಇಲ್ಲಿಂದ ಎದೆಗೆ ದಾರಿಯೇ ಇಲ್ಲ.”

ಬೇಕೆಂದಾಗ ತೆಗೆಸಬಹುದು ಎಂದೆ. ಹಾಗಾದರೆ ಇದೇ ಇರಲಿ ಎಂದಳು. ಶುಕ್ರವಾರ ಆಸ್ಪತ್ರೆಯಲ್ಲಿ ಹಾಕುತ್ತಾರೆ ಎಂದೆ.

ಅತ್ತೆ ಒಳಗೆ ಬಂದರು. ಮಗು ನಿದ್ದೆ ಹೋಗಿತ್ತು. “ಎಂತ ಹೇಳಿದ್ರು ಸಿಸ್ಟರ್?” ಎಂದು ಸೊಸೆಯನ್ನು ಕೇಳಿದರು. ಅವಳು ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯಲಿಲ್ಲ.

“ಅವರೆಂತದೂ ಹೇಳ್ಲಿಲ್ಲ ಅತ್ತೆ, ನಾನೇ ಹೇಳಿದೆ. ಶುಕ್ರವಾರ ಆಸ್ಪತ್ರೆಗೆ ಹೋಗಿ ಕಾಪರ್-ಟಿ ಹಾಕಿಸ್ತೇನೆ. ನಂಗೆ ಓದ್ಲಿಕ್ಕುಂಟು.”

ಅತ್ತೆ ಮಗುವಿನ ತಲೆಯ ಬಟ್ಟೆ ಸರಿಮಾಡಿದರು. ಮತ್ತೆ ನನ್ನತ್ತ ತಿರುಗಿದರು.

“ಶುಕ್ರವಾರ ಅಂದ್ರೆ ಮಗುವನ್ನು ಹಿಡ್ಕೊಳ್ಳಿಕ್ಕೆ ನಾನೂ ಹೋಗ್ಬೇಕಲ್ಲ. ಬೆಳಿಗ್ಗೆಯ ಬಸ್ಸು ಎಷ್ಟು ಗಂಟೆಗೆ ಸಿಸ್ಟರ್?”