ಕೊನೆಯ ಸಿಂಫನಿ ಮತ್ತು ಅಪ್ಪನ ಡೋಲು

ಆ ಮಾತನ್ನು ನಾನು ಮರೆತಿಲ್ಲ. ಮರೆಯುವ ಉದ್ದೇಶವೂ ಇಲ್ಲ.

ಮಾಲೂರಿನಿಂದ ಕೋಲಾರದ ಕಾಲೇಜಿಗೆ ನಾನೂ ನನ್ನ ಹಿರಿಯ ಸಹೋದ್ಯೋಗಿಯೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಒಂದೇ ಇಯರ್‌ಫೋನು, ಅದರ ಒಂದು ತುದಿ ಅವರ ಕಿವಿಗೆ, ಇನ್ನೊಂದು ನನ್ನದಕ್ಕೆ. ನನಗೆ ಸಿಂಫನಿ ಕೇಳುವ ಹುಚ್ಚು ಹತ್ತಿಸಿದವರೇ ಅವರು. ವಿಯೆನ್ನಾದಲ್ಲಿ ಮೂವತ್ತೈದಕ್ಕೇ ತೀರಿಹೋದ ಒಬ್ಬ ಸಂಗೀತಗಾರ ಒಂದೇ ಬೇಸಿಗೆಯಲ್ಲಿ ಬರೆದ ಕೊನೆಯ ಮೂರು ಸಿಂಫನಿಗಳೆಂದರೆ ಇಬ್ಬರಿಗೂ ಪ್ರಾಣ. ಆದರೆ ಯಾವುದು ಮೇಲು ಎಂಬುದಕ್ಕೆ ದಿನವೂ ಜಗಳ. ಮೊದಲನೆಯದು ದೊಡ್ಡ ಮನೆಯ ಬಾಗಿಲು ತೆರೆದಂತೆ ಗಂಭೀರವಾಗಿ ಶುರುವಾಗುತ್ತದೆ, ಅದರ ಬಗ್ಗೆ ತಕರಾರಿರಲಿಲ್ಲ. ಅವರ ಪಕ್ಷ ನಡುವಿನದು. ಅದು ಪೀಠಿಕೆಯೇ ಇಲ್ಲದೆ, ದುಃಖದಲ್ಲಿ ಒಳಗೊಳಗೇ ಕುದಿಯುತ್ತಾ ಹೊರಡುತ್ತದೆ. ನನ್ನದು ಕೊನೆಯದು. ಅದರ ಕಡೆಯ ಭಾಗದಲ್ಲಿ ಬರೀ ನಾಲ್ಕು ಸ್ವರಗಳ ಒಂದು ಎಳೆ ಶುರುವಾಗಿ, ಇನ್ನೂ ನಾಲ್ಕು ಎಳೆಗಳು ಬಂದು ಕೂಡಿಕೊಂಡು, ಐದೂ ಒಟ್ಟಿಗೇ ನುಡಿಯುತ್ತವೆ. ಒಂದು ಇನ್ನೊಂದರ ಕಾಲು ತುಳಿಯುವುದಿಲ್ಲ. ಅಲ್ಲಿ ಪ್ರತಿಸಲವೂ ನನಗೆ ಮೈ ಜುಮ್ಮೆನ್ನುತ್ತದೆ.

ಒಂದು ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಇದೇ ವಾದ. "ದುಃಖ ತೋಡ್ಕೊಳ್ಳೋದು ಯಾರಿಗ್ ಬರಲ್ಲ ಸಾರ್? ಐದು ಜನಾನ ಜಗಳ ಇಲ್ದೆ ಒಂದೇ ದಾರೀಲಿ ನಡೆಸೋದು ಕಷ್ಟ," ಎಂದೆ. ಎಲ್ಲರೂ ಊಟದ ಡಬ್ಬಿ ಬಿಚ್ಚಿಕೊಂಡು ಕೇಳುತ್ತಿದ್ದರು. ನನ್ನ ಸಹೋದ್ಯೋಗಿ ಡಬ್ಬಿಯ ಮುಚ್ಚಳ ಹಾಕಿ ನನ್ನತ್ತ ತಿರುಗಿದರು.

"ನಿನ್ ತಪ್ಪಲ್ಲ ಬಿಡಪ್ಪಾ," ಎಂದರು. "ಡೋಲು ಬಡಿಯೋರ ಮನೇಲಿ ಹುಟ್ಟಿದೋನು. ನಿಂಗೆ ಗಟ್ಟಿಮೇಳಾನೇ ಸಂಗೀತ."

ಎಲ್ಲರೂ ನಕ್ಕರು. ನನ್ನಪ್ಪ ಶ್ರೀನಿವಾಸಪುರದ ಕಡೆ ಹೆಸರಾದ ಓಲಗದವರು. ನನ್ನನ್ನು ಅಂದಿದ್ದರೆ ನುಂಗಿಕೊಳ್ಳುತ್ತಿದ್ದೆ. ಅಪ್ಪನನ್ನು ಅಂದದ್ದಕ್ಕೆ ಮೈಯೆಲ್ಲ ಉರಿದುಹೋಯಿತು. ಮರುದಿನದಿಂದ ಬಸ್ಸಿನಲ್ಲಿ ಬೇರೆ ಸೀಟು ಹಿಡಿದೆ. ಇವರಿಗೂ ಹೀಗೇ ಎಲ್ಲರೆದುರು ಮುಖಭಂಗವಾಗಬೇಕು ಎಂದು ಹಲ್ಲು ಕಚ್ಚಿಕೊಂಡು ಕಾದೆ.

ಅವಕಾಶವನ್ನು ಅವರೇ ತಂದುಕೊಟ್ಟರು. ಮುಳಬಾಗಿಲಿನ ಛತ್ರದಲ್ಲಿ ಅವರ ಮಗಳ ಮದುವೆ, ಓಲಗಕ್ಕೆ ನನ್ನಪ್ಪನೇ ಬೇಕಂತೆ! ಆಡಿದ್ದು ಅವರಿಗೆ ನೆನಪೇ ಇರಲಿಲ್ಲ. ನನ್ನ ಸಿಟ್ಟು ದುಪ್ಪಟ್ಟಾದದ್ದು ಅದಕ್ಕೇ. ಊರಿಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದೆ.

"ಪುರೋಹಿತರು ಗಟ್ಟಿಮೇಳ ಅಂದಾಗ ಕೈ ಎತ್ತಬೇಡಪ್ಪಾ. ತಾಳಿ ಕಟ್ಟೋವಾಗ ಛತ್ರ ಪೂರ್ತಿ ಸುಮ್ನಿರ್ಲಿ. ಆವಾಗ ಗೊತ್ತಾಗ್ತದೆ ಆಯಪ್ಪನಿಗೆ."

ಅಪ್ಪ ಡೋಲಿನ ಹಗ್ಗ ಬಿಗಿಯುತ್ತಿದ್ದವರು ತಲೆ ಎತ್ತಿದರು. "ಆ ಹೊತ್ನಲ್ಲಿ ಯಾರಾದ್ರೂ ಸೀನಿ, ಅದು ಮದುವೆ ಹೆಣ್ಣಿನ ಕಿವಿಗೆ ಬಿದ್ರೆ ಅಪಶಕುನಕ್ಕೆ ಯಾರ್ಲಾ ಹೊಣೆ? ಆ ಮಗು ನನ್ನ ಏನಾದ್ರೂ ಅಂದಳಾ?"

ಮುಹೂರ್ತದಲ್ಲಿ ಅಪ್ಪ ಬಾರಿಸಿದರು. ಅಂಥ ಗಟ್ಟಿಮೇಳವನ್ನು ನಾನೇ ಕೇಳಿರಲಿಲ್ಲ. ಕುರ್ಚಿಗಳು ಅದುರಿದವು. ಅಪ್ಪನ ಮೇಲೂ ನನಗೆ ಸಿಟ್ಟು ಬಂತು, ಕಾದದ್ದೆಲ್ಲ ನೀರುಪಾಲಾಯಿತಲ್ಲ ಎಂದು.

ಊಟವಾದ ಮೇಲೆ ಓಲಗದವರಿಗೆ ತಾಂಬೂಲ ಕೊಡುವ ಸರದಿ. ಸ್ಟಾಫ್‌ರೂಮಿನವರೆಲ್ಲ ಅಲ್ಲೇ ನಿಂತಿದ್ದರು. ನನ್ನ ಸಹೋದ್ಯೋಗಿ ತಟ್ಟೆ ಹಿಡಿದು ನಗುನಗುತ್ತಾ ಬಂದರು. ಅಪ್ಪ ಏಳಲಿಲ್ಲ. ಎರಡೂ ಕೈ ಡೋಲಿನ ಮೇಲೆಯೇ ಇದ್ದವು.

"ನಿಮ್ ಕೈಯಿಂದ ಬೇಡ ಸಾರ್," ಎಂದರು, ಎಲ್ಲರಿಗೂ ಕೇಳುವಂತೆ. "ಡೋಲು ಬಡಿಯೋರ ಸಂಗೀತ ನಿಮ್ ಕಿವಿಗೆ ಆಗಲ್ವಂತೆ. ನಾನ್ ಬಾರಿಸಿದ್ದು ನಿಮ್ ಮಗಳಿಗೆ. ಆ ತಾಯೀನೇ ಕೊಡ್ಲಿ."

ಯಾರೂ ನಗಲಿಲ್ಲ. ಸಹೋದ್ಯೋಗಿಯ ಮುಖ ಬಿಳುಚಿಕೊಂಡಿತು. ಹಣೆಯ ಮೇಲೆ ಇನ್ನೂ ಬಾಸಿಂಗವಿದ್ದ ಮಗಳು ಬಂದು, ತಂದೆಯ ಮುಖವನ್ನೊಮ್ಮೆ ನೋಡಿ, ತಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡಳು. ಅಪ್ಪ ಆಗ ಎದ್ದು ನಿಂತು, ತಲೆ ಬಾಗಿಸಿ, ಎರಡೂ ಕೈ ಒಡ್ಡಿದರು. ನಾನು ಮಾತ್ರ ನನ್ನ ಸಹೋದ್ಯೋಗಿಯನ್ನೇ ಕಣ್ತುಂಬ ನೋಡುತ್ತಾ ನಿಂತೆ. ಅವರು ಕಣ್ಣು ತಗ್ಗಿಸುವವರೆಗೂ ನೋಡಿದೆ.